ಕಾವಿಗೆ ಕೂರುವ ಹೇಂಟೆ: ಹೆಬ್ಬಾಳದ ಗಿರಿರಾಜ ಮತ್ತು ನಾಟಿ ತಳಿಯ ಭವಿಷ್ಯ

ಬೆಂಗಳೂರಿನ ಉತ್ತರ ಭಾಗದ ಕೋಳಿ ಸಾಕಣೆಯ ಚರಿತ್ರೆಯಲ್ಲಿ ಹೆಬ್ಬಾಳಕ್ಕೆ ಮೊದಲ ಸ್ಥಾನ. 1925ರಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಸೀರಂ ಸಂಸ್ಥೆ ತೆರೆಯಿತು. 1958ರಲ್ಲಿ ಪಶುವೈದ್ಯಕೀಯ ಕಾಲೇಜು ಬಂತು. ಆ ಕಾಲೇಜಿನ ಕೋಳಿ ವಿಜ್ಞಾನ ವಿಭಾಗವೇ 1980ರ ದಶಕದ ಕೊನೆಯಲ್ಲಿ ಹಿತ್ತಿಲ ಸಾಕಣೆಗೆಂದು ಗಿರಿರಾಜ ಕೋಳಿಯನ್ನು ರೂಪಿಸಿತು.

ಗಿರಿರಾಜಕ್ಕೆ ಬಣ್ಣದ ಗರಿಯಿದೆ, ಒಳ್ಳೆಯ ಮೈತೂಕವಿದೆ. ನಾಟಿ ಹೇಂಟೆ ವರ್ಷಕ್ಕೆ 50-60 ಮೊಟ್ಟೆಯಿಟ್ಟರೆ ಇದು 130-150 ಇಡುತ್ತದೆ. ಬಡ ರೈತನ ಮನೆಗೆ ಮೊಟ್ಟೆ, ಮಾಂಸ ಎರಡನ್ನೂ ತಲುಪಿಸಿದ ಸಾಧನೆ ಅದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಗಿರಿರಾಜ ಕಾವಿಗೆ ಕೂರುವುದಿಲ್ಲ. ಹೀಗಾಗಿ ಮರಿ ಬೇಕೆಂದಾಗಲೆಲ್ಲ ರೈತ ಮರಿ ಕೇಂದ್ರಕ್ಕೇ ಹೋಗಬೇಕು. ಹಳ್ಳಿಗಳಲ್ಲಿ ಇದಕ್ಕೊಂದು ಉಪಾಯ ಹುಡುಕಿಕೊಂಡಿದ್ದಾರೆ: ಗಿರಿರಾಜದ ಮೊಟ್ಟೆಯನ್ನು ನಾಟಿ ಹೇಂಟೆಯ ಹೊಟ್ಟೆಯಡಿ ಇಟ್ಟು 21 ದಿನ ಕಾವು ಕೊಡಿಸುತ್ತಾರೆ. ಸುಧಾರಿತ ತಳಿ ಹಳ್ಳಿಯಲ್ಲಿ ಮುಂದುವರಿಯಲು ನಾಟಿ ತಾಯಿಯೇ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಆ ತಾಯಿಯ ವಂಶವೇ ಕರಗುತ್ತಿದೆ. ಒಂದೇ ಅಂಗಳದಲ್ಲಿ ಗಿರಿರಾಜದ ಹುಂಜ ಓಡಾಡಿಕೊಂಡಿದ್ದರೆ ಕೆಲವೇ ತಲೆಮಾರಿನಲ್ಲಿ ನಾಟಿ ರಕ್ತ ಕಲಬೆರಕೆಯಾಗುತ್ತದೆ. ಬಣ್ಣ ನೋಡಿ ನಾಟಿಯೆಂದೇ ಮಾರುವವರೂ ಇದ್ದಾರೆ. ಮುದ್ದೆಯ ಜೊತೆ ಸಾರು ಉಣ್ಣುವ ಗ್ರಾಹಕನಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.

ನಮ್ಮ ಭಾಗಕ್ಕೆ ಸ್ವಂತ ತಳಿ ಇಲ್ಲವೆಂದೇನಿಲ್ಲ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದ ಪಟ್ಟಿಯಲ್ಲಿ ಘಾಗಸ್ ಎಂಬ ತಳಿ ಆಂಧ್ರಪ್ರದೇಶ ಮತ್ತು ಕರ್ನಾಟಕದ ಹೆಸರಿನಲ್ಲಿ ದಾಖಲಾಗಿದೆ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯ ಅದನ್ನು ಕಾಪಾಡಿಕೊಂಡು ಬಂದಿದೆ. ಕೋಳಿಯೊಂದಿಗೆ ನಮ್ಮ ನೆಲದ ನಂಟು ಇನ್ನೂ ಹಳೆಯದು. ಸಾಕುಕೋಳಿಯ ಹಳದಿ ಕಾಲು, ಹಳದಿ ಚರ್ಮದ ಜೀನ್ ಬಂದದ್ದು ಪಶ್ಚಿಮ ಘಟ್ಟದಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರ ಸಂಶೋಧನೆಯೊಂದು ತೋರಿಸಿತು.

ಅಮೆರಿಕದ ತಳಿ ಸಂರಕ್ಷಕರು ಪಾರಂಪರಿಕ ಕೋಳಿಗೆ ಹಾಕಿರುವ ಅಳತೆಗೋಲು ಇಲ್ಲಿ ಉಪಯುಕ್ತ: ಸಹಜವಾಗಿ ಕೂಡಬೇಕು, ಹೇಂಟೆ 5ರಿಂದ 7 ವರ್ಷ ಫಲ ಕೊಡಬೇಕು, ಮಾರಾಟದ ತೂಕಕ್ಕೆ 16 ವಾರಕ್ಕಿಂತ ಮೊದಲು ಬರಬಾರದು. ಬ್ರಾಯ್ಲರ್ ಸುಮಾರು ಆರೇ ವಾರಕ್ಕೆ ಮಾರಾಟಕ್ಕೆ ಬರುತ್ತದೆ.

ಯಲಹಂಕ, ಹೆಸರಘಟ್ಟದ ಸುತ್ತ ಅರ್ಧ ಎಕರೆ ಉಳಿಸಿಕೊಂಡವರಿಗೆ ನಿಧಾನದ ಈ ಬೆಳವಣಿಗೆ ನಷ್ಟವೇನಲ್ಲ. ಹುಲ್ಲು, ಗೆದ್ದಲು, ಕಣದಲ್ಲಿ ಉದುರಿದ ರಾಗಿ ಕೋಳಿಗೆ ಮೇವಾಗಿ, ಕೊಂಡ ಆಹಾರದ ಖರ್ಚು ತಗ್ಗಿಸುತ್ತವೆ. ಹಸಿರು ಮೇವು ಮೊಟ್ಟೆಯ ಹಳದಿಗೆ ಗಾಢ ಬಣ್ಣ ಕೊಡುತ್ತದೆ. ಆದರೆ ಬಿಟ್ಟು ಮೇಯಿಸಿದ ಮಾತ್ರಕ್ಕೆ ಸಾಕಣೆಯಾಗದು. ಒಂದೇ ತಾವಿನಲ್ಲಿ ಮೇಯಿಸಿದರೆ ಒದ್ದೆ ಮಣ್ಣಿನಲ್ಲಿ ರಕ್ತಭೇದಿಯ ಪರಾವಲಂಬಿ ಜೀವಿ ಬೀಡುಬಿಡುತ್ತದೆ. ಅದಕ್ಕೇ ಜಾಗ ಬದಲಿಸುತ್ತಿರಬೇಕು. ರಾತ್ರಿ ಮುಂಗುಸಿ, ನಾಯಿ ನುಗ್ಗದ ಗೂಡು ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಕೊಕ್ಕರೆ ರೋಗದ ಲಸಿಕೆ ತಪ್ಪಬಾರದು: ಮೊದಲ ವಾರದಲ್ಲಿ ಕಣ್ಣಿಗೆ ಹನಿ, 6-8 ವಾರಕ್ಕೆ ಚುಚ್ಚುಮದ್ದು. ನಾಟಿಕೋಳಿ ಗಟ್ಟಿ ಎಂಬ ನಂಬಿಕೆಯಲ್ಲಿ ಲಸಿಕೆ ಬಿಟ್ಟರೆ ಇಡೀ ಹಿಂಡೇ ಹೋಗಬಹುದು.

2019ರ ಜಾನುವಾರು ಗಣತಿಯ ಪ್ರಕಾರ ದೇಶದ ಹಿತ್ತಿಲ ಕೋಳಿಗಳ ಸಂಖ್ಯೆ ಸುಮಾರು ಶೇ. 46ರಷ್ಟು ಏರಿ 31.7 ಕೋಟಿ ದಾಟಿದೆ. ಅಂದರೆ ಬೇಡಿಕೆಯಿದೆ, ಸಾಕುವವರೂ ಇದ್ದಾರೆ. ಗಿರಿರಾಜವನ್ನು ಕೈಬಿಡಬೇಕಿಲ್ಲ, ನಾಟಿ ಹಿಂಡಿನಿಂದ ಅದನ್ನು ಬೇರೆಯಾಗಿ ಸಾಕಿದರೆ ಸಾಕು. ಇನ್ನು ಸರ್ಕಾರಿ ಮರಿ ಕೇಂದ್ರಗಳು ಗಿರಿರಾಜ, ಸ್ವರ್ಣಧಾರೆಯಂಥ ಸುಧಾರಿತ ತಳಿಗಳ ಜೊತೆಗೆ ಘಾಗಸ್ ಮರಿಗಳನ್ನೂ ಈ ಭಾಗದ ಸಣ್ಣ ರೈತರಿಗೆ ಕೊಡುವ ಏರ್ಪಾಡು ಮಾಡಬೇಕು.