ಗಾಜಿನ ಪೆಟ್ಟಿಗೆಗೆ ಬಿಸಿಲು ಬಂದ ಬಗೆ

1849ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯ ಸರೀಸೃಪಗಳಿಗೆಂದೇ ಒಂದು ಮನೆ ತೆರೆಯಿತು. ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು. ಉಷ್ಣದೇಶದ ಹಾವು, ಹಲ್ಲಿಗಳು ಇಂಗ್ಲೆಂಡಿನ ಚಳಿಗೆ ಉಳಿಯವು ಎಂಬುದು ಆಗಲೇ ಗೊತ್ತಿತ್ತು. ಅದಕ್ಕೆ ಕಂಡ ಉಪಾಯ ಇಡೀ ಕೋಣೆಯನ್ನೇ ಕಾಯಿಸುವುದು. 1884ರಲ್ಲಿ ಯೋಹಾನ್ ಫಾನ್ ಫಿಶರ್ ಬರೆದ ‘ದಾಸ್ ಟೆರೇರಿಯುಮ್’ ಮನೆಯಲ್ಲಿ ಗಾಜಿನ ಪೆಟ್ಟಿಗೆಯಿಟ್ಟು ಇವನ್ನು ಸಾಕುವ ಹವ್ಯಾಸಕ್ಕೆ ಜರ್ಮನಿಯಲ್ಲಿ ಒಂದು ಶಿಸ್ತು ತಂದಿತು. ಆದರೂ ಸಾಕುವವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಒಳಗೆ ಎಷ್ಟು ಡಿಗ್ರಿ ಇರಬೇಕು? ಅಲ್ಲಿಂದೀಚಿನ ಈ ಕ್ಷೇತ್ರದ ಚರಿತ್ರೆ, ನನ್ನ ಮಟ್ಟಿಗೆ, ಆ ಪ್ರಶ್ನೆಯೇ ಸರಿಯಿಲ್ಲ ಎಂದು ನಿಧಾನವಾಗಿ ಅರಿವಾದ ಕಥೆ.

ಹಾಗೆ ಬೇಗ ಅರಿತವರಲ್ಲಿ ಜೋನ್ ಪ್ರಾಕ್ಟರ್ ಒಬ್ಬರು. ಬ್ರಿಟಿಷ್ ಮ್ಯೂಸಿಯಂನಲ್ಲಿ ಸರೀಸೃಪ ವಿಜ್ಞಾನ ಕಲಿತು ಅದೇ ಲಂಡನ್ ಮೃಗಾಲಯಕ್ಕೆ ಬಂದ ಈಕೆ ಹೊಸ ಸರೀಸೃಪ ಭವನದ ವಿನ್ಯಾಸವನ್ನು ತಾವೇ ರೂಪಿಸಿದರು. 1927ರಲ್ಲಿ ಅದು ತೆರೆಯಿತು. ಅಲ್ಲಿ ವಿದ್ಯುತ್ ಶಾಖವನ್ನು ಗೂಡುಗೂಡಿಗೆ ಬೇರೆಬೇರೆಯಾಗಿ ಕೊಡುವ ಏರ್ಪಾಡಿತ್ತು. ಬೆಳಕೆಲ್ಲ ಪ್ರಾಣಿಯ ಕಡೆಗೆ, ನೋಡುಗರು ನಿಲ್ಲುವ ಜಾಗ ಮಬ್ಬು. ಎಲ್ಲಕ್ಕಿಂತ ಮುಖ್ಯವಾದದ್ದು ಗಾಜು. ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಯುವಿ-ಬಿ ಎಂಬ ಭಾಗವನ್ನು ಮಾಮೂಲಿ ಕಿಟಕಿ ಗಾಜು ತಡೆದುಬಿಡುತ್ತದೆ. ಪ್ರಾಕ್ಟರ್ ಅದನ್ನು ಒಳಬಿಡುವ ‘ವೀಟಾ ಗ್ಲಾಸ್’ ಹಾಕಿಸಿದರು. ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್‌ಸ್ಕಿ ರಿಕೆಟ್ಸ್ ಎಂಬ ಮೂಳೆಯ ಕಾಯಿಲೆ ಬಂದ ಮಕ್ಕಳನ್ನು ನೇರಳಾತೀತ ದೀಪದಡಿ ಮಲಗಿಸಿ ಗುಣಪಡಿಸಿ ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ. ಮಕ್ಕಳ ಮೂಳೆಯ ಪಾಠ ಹಲ್ಲಿಗಳ ಮನೆಗೆ ಅಷ್ಟು ಬೇಗ ತಲುಪಿತ್ತು. ಬಾಲ್ಯದಿಂದಲೂ ಕಾಯಿಲೆಯಲ್ಲಿ ನರಳಿದ ಪ್ರಾಕ್ಟರ್ 1931ರಲ್ಲಿ, 34ರ ವಯಸ್ಸಿಗೆ ತೀರಿಕೊಂಡರು. ಅವರಿಗೆ ಹೊಳೆದದ್ದು ಸಾಮಾನ್ಯ ಹವ್ಯಾಸಿಯ ಪೆಟ್ಟಿಗೆ ಮುಟ್ಟಲು ಮತ್ತೆ ಅರ್ಧ ಶತಮಾನ ಬೇಕಾಯಿತು.

ಎರಡನೆಯ ತಿರುವು ಬಂದದ್ದು ಕ್ಯಾಲಿಫೋರ್ನಿಯಾದ ಮರುಭೂಮಿಯಿಂದ. ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ 1944ರಲ್ಲಿ ಪ್ರಕಟಿಸಿದ ಅಧ್ಯಯನ ಹಲ್ಲಿ, ಹಾವುಗಳ ಮೈಯ ಉಷ್ಣತೆಯನ್ನೇ ಅಳೆಯಿತು. ಸುತ್ತಲಿನ ಗಾಳಿ ಎಷ್ಟು ಬಿಸಿಯೋ ಅಷ್ಟೇ ಪ್ರಾಣಿಯ ಮೈಬಿಸಿ ಎಂಬ ನಂಬಿಕೆ ಅಲ್ಲಿಗೆ ಕುಸಿಯಿತು. ಬಿಸಿಲಿಗೆ ಮೈಯೊಡ್ಡಿ, ನೆರಳಿಗೆ ಸರಿದು, ಮಣ್ಣಿಗೆ ಹೊಟ್ಟೆ ಒತ್ತಿ, ಬಿಲ ಹೊಕ್ಕು, ಪ್ರತಿ ಜಾತಿಯೂ ತನಗೆ ಒಗ್ಗುವ ಉಷ್ಣತೆಯನ್ನು ಕಿರಿದಾದ ಮಿತಿಯೊಳಗೆ ಕಾಯ್ದುಕೊಳ್ಳುತ್ತದೆ. ನಮ್ಮೂರ ಬೇಲಿಗೂಟದ ಓತಿಕ್ಯಾತ ದಿನವೂ ಮಾಡುವುದು ಇದನ್ನೇ. ನೆರಳು ಸಿಗದಂತೆ ಮಾಡಿದರೆ ಮರುಭೂಮಿಯ ಹಲ್ಲಿಯೂ ಬಿಸಿಲಲ್ಲಿ ಬೇಗ ಸಾಯುತ್ತದೆ. ಅಂದಮೇಲೆ ಪೆಟ್ಟಿಗೆಯಲ್ಲಿ ಇರಬೇಕಾದದ್ದು ಒಂದು ಉಷ್ಣತೆಯಲ್ಲ: ಒಂದು ತುದಿ ಬಿಸಿ, ಇನ್ನೊಂದು ತಂಪು, ನಡುವೆ ಪ್ರಾಣಿಗೆ ಓಡಾಡುವ ಸ್ವಾತಂತ್ರ್ಯ.

ವ್ಯಾಪಾರಕ್ಕೆ ಈ ಮಾತು ತಡವಾಗಿ ಕೇಳಿಸಿತು. ಒಳಗೆ ಹೀಟರ್ ಇಟ್ಟ ಕೃತಕ ಕಲ್ಲು, ‘ಹಾಟ್ ರಾಕ್’, ಬಹಳ ಕಾಲ ಅಂಗಡಿಗಳಲ್ಲಿ ಮಾರಾಟವಾಯಿತು. ಅದರ ಮೇಲೆ ಹೊಟ್ಟೆ ಸುಟ್ಟುಕೊಂಡ ಇಗ್ವಾನಾಗಳು ಪಶುವೈದ್ಯರ ಬಳಿ ಬರುತ್ತಲೇ ಇದ್ದವು. ಬೆಳಕಿಲ್ಲದೆ ಶಾಖ ಕೊಡುವ ಸೆರಾಮಿಕ್ ಹೀಟರ್, ತಳಕ್ಕೆ ಅಂಟಿಸುವ ಹೀಟ್ ಮ್ಯಾಟ್, ಥರ್ಮೋಸ್ಟಾಟ್ ಒಂದೊಂದಾಗಿ ಬಂದವು. ಇವುಗಳಲ್ಲಿ ಪ್ರಾಣ ಉಳಿಸಿದ್ದು ಥರ್ಮೋಸ್ಟಾಟ್ ಎಂದೇ ನನ್ನ ಲೆಕ್ಕ. ಹಾವುಗಳ ಸುಟ್ಟಗಾಯಕ್ಕೆ ಎಷ್ಟೋ ಸಲ ಅದಿಲ್ಲದೆ ಉರಿದ ಹೀಟರೇ ಕಾರಣ.

ಬೆಳಕಿನ ಕಥೆ ಇನ್ನೂ ನೋವಿನದು. 1990ರ ದಶಕದಲ್ಲಿ ಹಸಿರು ಇಗ್ವಾನಾ ಮರಿಗಳು ಅಮೆರಿಕಕ್ಕೆ ಲಕ್ಷಗಟ್ಟಲೆ ಆಮದಾದವು. ಅವುಗಳಲ್ಲಿ ಎಷ್ಟೋ ಮರಿಗಳ ದವಡೆ ಮೆತ್ತಗಾಯಿತು, ಕಾಲು ಊದಿಕೊಂಡು ಬಾಗಿತು. ಕಾರಣ ಸುಣ್ಣದಂಶದ ಮತ್ತು ವಿಟಮಿನ್ ಡಿ3ಯ ಕೊರತೆ. ಚರ್ಮದೊಳಗಿನ ಕೊಲೆಸ್ಟರಾಲಿಗೆ ಹತ್ತಿರದ ಒಂದು ವಸ್ತುವಿನ ಮೇಲೆ ಸುಮಾರು 290ರಿಂದ 315 ನ್ಯಾನೊಮೀಟರಿನ ಕಿರಣ ಬಿದ್ದರೆ ಡಿ3 ತಯಾರಾಗುವ ಮೊದಲ ಹಂತ ಮುಗಿಯುತ್ತದೆ. ಹಾಗೆ ಹುಟ್ಟಿದ್ದು ಡಿ3 ಆಗಿ ಬದಲಾಗಲು ಆಮೇಲೆ ಮೈಯ ಬಿಸಿ ಬೇಕು. ಹೀಗಾಗಿ ದೀಪ ಒಂದು ಮೂಲೆಯಲ್ಲಿ, ಶಾಖ ಇನ್ನೊಂದು ಮೂಲೆಯಲ್ಲಿ ಇದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆ ದಶಕದಲ್ಲೇ ಸರೀಸೃಪಗಳಿಗೆಂದು ಯುವಿ-ಬಿ ಟ್ಯೂಬ್‌ಲೈಟ್‌ಗಳು ಮಾರುಕಟ್ಟೆಗೆ ಬಂದವು. ಆದರೆ ಡಬ್ಬಿಯ ಮೇಲಿನ ಅಂಕಿ ನೋಡಿ ಕೊಳ್ಳುವುದಷ್ಟೇ ದಾರಿ. ಪ್ರಾಣಿಗೆ ನಿಜಕ್ಕೂ ತಲುಪುವುದೆಷ್ಟು ಎಂದು ಅಳೆಯುವವರಿರಲಿಲ್ಲ. 2000ದ ದಶಕದಲ್ಲಿ ಕೆಲವು ದೀಪಗಳು ತೀರ ಕಿರುಅಲೆಯ ನೇರಳಾತೀತ ಕಿರಣ ಸೂಸಿದ್ದರಿಂದ ಪ್ರಾಣಿಗಳ ಕಣ್ಣು ಊದಿ ಮುಚ್ಚಿಹೋದವು.

ಉತ್ತರ ಮತ್ತೆ ಪ್ರಾಣಿಯಿಂದಲೇ ಸಿಕ್ಕಿತು. ಗ್ಯಾರಿ ಫರ್ಗ್ಯುಸನ್ ಮತ್ತು ಸಂಗಡಿಗರು 2003ರಲ್ಲಿ ಮಡಗಾಸ್ಕರ್ ಮೂಲದ ಪ್ಯಾಂಥರ್ ಗೋಸುಂಬೆಗಳ ಬಗ್ಗೆ ಬರೆದರು: ಆಹಾರದಲ್ಲಿ ಡಿ3 ಕಡಿಮೆಯಾದ ಗೋಸುಂಬೆ ತಾನಾಗಿ ಯುವಿ ಹೆಚ್ಚಿರುವ ಕಡೆಗೆ ಹೋಗಿ ಕೂರುತ್ತದೆ, ಹೆಚ್ಚಾದದ್ದು ದೂರವಿರುತ್ತದೆ. 2010ರಲ್ಲಿ ಅದೇ ತಂಡ ಕಾಡಿನಲ್ಲಿ ಹಲ್ಲಿ, ಹಾವುಗಳು ಕೂತ ಜಾಗದಲ್ಲೇ ಮೀಟರ್ ಹಿಡಿದು ಯುವಿ ಸೂಚ್ಯಂಕ ಅಳೆದು, ಅವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿತು. ನೆರಳು ಇಲ್ಲವೆ ಮುಸ್ಸಂಜೆಯನ್ನು ನೆಚ್ಚಿದವಕ್ಕೆ ಸರಾಸರಿ 0.7ರೊಳಗೆ, ನಡುಹಗಲ ಬಿಸಿಲು ಕಾಯುವವಕ್ಕೆ 2.6ಕ್ಕೂ ಮೇಲೆ. 2016ರಲ್ಲಿ ಫ್ರಾನ್ಸಿಸ್ ಬೇನ್ಸ್ ಮುಂದಾಳುತನದಲ್ಲಿ ಬ್ರಿಟಿಷ್ ಮೃಗಾಲಯಗಳವರು ಈ ಪಟ್ಟಿಯನ್ನು 254 ಜಾತಿಗಳಿಗೆ ಹಿಗ್ಗಿಸಿದರು. ಅಂಗೈಯಲ್ಲಿ ಹಿಡಿಯುವ ಮೀಟರ್ ಇಟ್ಟುಕೊಂಡವನು ಈಗ ಡಬ್ಬಿಯ ಮಾತು ನಂಬಬೇಕಾಗಿಲ್ಲ.

ಅಷ್ಟರಲ್ಲಿ ದೀಪಗಳೇ ಬದಲಾದವು. ಯುರೋಪು 2009ರಿಂದ ತಂತಿ ಬಲ್ಬುಗಳನ್ನೂ ಆಮೇಲೆ ಬಹುಪಾಲು ಹ್ಯಾಲೊಜನ್‌ಗಳನ್ನೂ ಮನೆದೀಪದ ಮಾರುಕಟ್ಟೆಯಿಂದ ಹೊರಗಿಟ್ಟಿತು. ದೀಪದ ಉದ್ಯಮ ಪೋಲು ಎಂದು ಕರೆದ ಶಾಖವೇ ಇಲ್ಲಿ ಬೇಕಾದ ಸರಕು! ಸೆರಾಮಿಕ್ ಹೀಟರಿನ ಉದ್ದ ಅಲೆಯ ಶಾಖಕಿರಣ ಚರ್ಮದ ಮೇಲ್ಪದರದಲ್ಲೇ ನಿಂತುಬಿಡುತ್ತದೆ. ಹ್ಯಾಲೊಜನ್ನಿನ ಕಿರುಅಲೆಯ ಶಾಖಕಿರಣ ಬಿಸಿಲಿನಂತೆ ಮೈಯೊಳಕ್ಕೆ ಇಳಿಯುತ್ತದೆ. ಎಲ್‌ಇಡಿ ಈ ಕೆಲಸಕ್ಕೆ ಬಾರದು. ಯುವಿ-ಬಿ ಎಲ್‌ಇಡಿಗಳು ಬಂದಿವೆಯಾದರೂ ಅವುಗಳ ಕಿರಣಪಟ್ಟಿ ಬಿಸಿಲಿಗಿಂತ ಕಿರಿದು. ನಾನಾದರೆ ಸದ್ಯಕ್ಕೆ ಕಾಯುವೆ.

ಬೆಂಗಳೂರಿನಲ್ಲಿ ಇಗ್ವಾನಾ, ಬಾಲ್ ಪೈಥಾನ್ ಸಾಕುವವರಿಗೂ ಇದು ದೂರದ ಮಾತಲ್ಲ. ಜನವರಿಯ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ಹೀಟರ್ ಬೇಕು. ಹಗಲಲ್ಲಿ ಮುಚ್ಚಿದ ಕಿಟಕಿಯ ಗಾಜಿನಾಚೆಯ ಬಿಸಿಲು ಬೆಚ್ಚಗಿದ್ದರೂ ಮೂಳೆಗೆ ಉಪಯೋಗವಿಲ್ಲ. ವಿದೇಶಿ ಪ್ರಾಣಿ ಸಾಕಲು ನೋಂದಣಿಯ ನಿಯಮಗಳಿವೆ. ನಮ್ಮ ನಾಡಿನದೇ ಆದ ನಕ್ಷತ್ರ ಆಮೆ, ಉಡ, ಹೆಬ್ಬಾವುಗಳನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಕಪ್ಪೆ ಮತ್ತಿತರ ಉಭಯಚರಗಳ ವಿಷಯದಲ್ಲಿ ಅರಿವು ಇನ್ನೂ ಈಚಿನದು. ಅವಕ್ಕೆ ಶಾಖ, ಯುವಿ ಬೇಡವೆಂದೇ ಬಹುಕಾಲ ನಂಬಲಾಗಿತ್ತು. ಮೆಕ್ಸಿಕೋದ ಆಕ್ಸೊಲಾಟಲ್‌ನಂಥವಕ್ಕೆ ಬೇಕಾದದ್ದು ತಂಪು ನೀರು ಎಂಬುದೂ ನಿಜ. ಆದರೆ ಜಗತ್ತಿನಾದ್ಯಂತ ಕಪ್ಪೆಗಳನ್ನು ಕೊಲ್ಲುತ್ತಿರುವ ಕೈಟ್ರಿಡ್ ಶಿಲೀಂಧ್ರ ಸುಮಾರು 28 ಡಿಗ್ರಿ ದಾಟಿದರೆ ಸೊರಗುತ್ತದೆ. ಆಸ್ಟ್ರೇಲಿಯಾದ ಆಂಥನಿ ವ್ಯಾಡಲ್ ಮತ್ತು ಸಂಗಡಿಗರು ಕಪ್ಪು ಬಣ್ಣ ಬಳಿದ ತೂತಿನ ಇಟ್ಟಿಗೆಗಳನ್ನು ಪುಟ್ಟ ಹಸಿರುಮನೆಯಲ್ಲಿಟ್ಟು ಬಿಸಿಲಿಗೆ ಕಾಯಲು ಬಿಟ್ಟರು. ಬೆಲ್ ಕಪ್ಪೆಗಳು ತಾವಾಗಿಯೇ ಆ ತೂತುಗಳನ್ನು ಹೊಕ್ಕವು, ಸೋಂಕು ಇಳಿಯಿತು. ಹಾಗೆ ಗುಣವಾದವು ಮುಂದೆ ತಂಪಿನಲ್ಲೂ ಶಿಲೀಂಧ್ರವನ್ನು ಹೆಚ್ಚು ತಡೆದುಕೊಂಡವು ಎಂದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ವರದಿ ಮಾಡಿದರು. ಅಲ್ಲಿ ತಂತಿ, ಪ್ಲಗ್ಗು, ಥರ್ಮೋಸ್ಟಾಟ್ ಒಂದೂ ಇರಲಿಲ್ಲ.