ಕಾರಿನ ಮುಂದಿನ ಗ್ಲಾಸ್ ಒಡೆದ್ರೆ ಕ್ಲೇಮ್ ಮಾಡೋದಾ, ಕೈಯಿಂದ ಹಾಕೋದಾ? ಮೊದಲು ಈ ಲೆಕ್ಕ ನೋಡಿ

ಚಿತ್ರದುರ್ಗ: ಹಿರಿಯೂರು, ಚಿತ್ರದುರ್ಗ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡಾಡುವ ಕಾರಿನವರಿಗೆ ಟಿಪ್ಪರ್, ಲಾರಿಗಳ ಚಕ್ರದಿಂದ ಸಿಡಿಯುವ ಜಲ್ಲಿಕಲ್ಲಿನ ಭಯ ಇದ್ದದ್ದೇ. 'ಟಕ್' ಅಂತ ಒಂದು ಶಬ್ದ, ಗ್ಲಾಸ್ ಮೇಲೊಂದು ಚುಕ್ಕೆ. ನಾಲ್ಕು ದಿನ ಬಿಟ್ಟು ನೋಡಿದರೆ ಅದೇ ಉದ್ದನೆಯ ಬಿರುಕು. 'ಇನ್ಶೂರೆನ್ಸ್ ಇದೆಯಲ್ಲ, ಫ್ರೀಯಾಗಿ ಹಾಕ್ತಾರೆ' ಅಂತ ಬಹಳ ಜನ ನೇರವಾಗಿ ಶೋರೂಂಗೆ ಹೋಗುತ್ತಾರೆ. ಆದರೆ ಸಣ್ಣ ಕಾರಿನ ಗ್ಲಾಸ್‌ಗೆ ಕ್ಲೇಮ್ ಮಾಡಿದರೆ ಉಳಿಯೋದಕ್ಕಿಂತ ಕಳೆದುಕೊಳ್ಳೋದೇ ಜಾಸ್ತಿ ಆಗಬಹುದು.

ಬದಲಾಯಿಸಲೇಬೇಕಾ?

ಮುಂದಿನ ಗ್ಲಾಸ್ ಎರಡು ಪದರದ್ದು, ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಹಾಗಾಗಿ ಕಲ್ಲು ಬಿದ್ದರೂ ಪುಡಿಯಾಗುವುದಿಲ್ಲ. ಚುಕ್ಕೆ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಿದ್ದು, ಡ್ರೈವರ್ ಕಣ್ಣಿನ ನೇರಕ್ಕೆ ಇಲ್ಲದೆ, ಅಂಚಿನಿಂದ ದೂರ ಇದ್ದರೆ ರೆಸಿನ್ ತುಂಬಿ ರಿಪೇರಿ ಮಾಡಬಹುದು. ಹೊಸ ಗ್ಲಾಸ್‌ಗೆ ಹೋಲಿಸಿದರೆ ಖರ್ಚು ತುಂಬಾ ಕಡಿಮೆ. ರಿಪೇರಿ ಆಗುವವರೆಗೆ ಚುಕ್ಕೆಯ ಮೇಲೆ ಸೆಲೋಟೇಪ್ ಅಂಟಿಸಿ, ಧೂಳು-ನೀರು ಒಳಗೆ ಹೋಗದಂತೆ ನೋಡಿಕೊಳ್ಳಿ. ಬಿಸಿಲಿಗೆ ಕಾದ ಗ್ಲಾಸ್‌ಗೆ ತಣ್ಣೀರು ಹಾಕಬೇಡಿ, ಬಿರುಕು ಬೆಳೆಯುತ್ತದೆ. ಉದ್ದ ಬಿರುಕು ಬಿಟ್ಟಿದ್ದರೆ ಮಾತ್ರ ಬದಲಾಯಿಸಲೇಬೇಕು.

ಪಾಲಿಸಿಯಲ್ಲಿ ಏನು ಸಿಗುತ್ತೆ?

ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದರೆ ಒಂದು ರೂಪಾಯಿಯೂ ಸಿಗಲ್ಲ. ಕಾಂಪ್ರಹೆನ್ಸಿವ್ ಅಥವಾ ಓನ್ ಡ್ಯಾಮೇಜ್ ಪಾಲಿಸಿ ಬೇಕು. ಝೀರೋ ಡೆಪ್ ಇಲ್ಲದಿದ್ದರೂ ಗ್ಲಾಸ್ ಬೆಲೆಯಲ್ಲಿ ಸವಕಳಿ ಕಡಿತ ಇಲ್ಲ. ಆದರೆ ರಬ್ಬರ್ ಬೀಡಿಂಗ್‌ಗೆ ಶೇ 50 ಕಡಿತ. ಇದರ ಜೊತೆಗೆ 1500 ಸಿಸಿವರೆಗಿನ ಕಾರಿಗೆ 1,000 ರೂ., ಅದಕ್ಕಿಂತ ದೊಡ್ಡದಕ್ಕೆ 2,000 ರೂ. ಮಾಲೀಕರೇ ಕಟ್ಟಬೇಕು.

ನೋ ಕ್ಲೇಮ್ ಬೋನಸ್ ಲೆಕ್ಕ

ಅಸಲಿ ಪೆಟ್ಟು ಬೀಳೋದು ಇಲ್ಲಿ. ಕ್ಲೇಮ್ ಮಾಡದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 20, 25, 35, 45, 50 ಹೀಗೆ ರಿಯಾಯಿತಿ ಏರುತ್ತದೆ. ಒಂದೇ ಒಂದು ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಇಳಿಯುತ್ತದೆ, ಮತ್ತೆ ಮೊದಲಿನಿಂದ ಏರಬೇಕು.

ಉದಾಹರಣೆಗೆ, ರಿಯಾಯಿತಿಗೆ ಮುಂಚಿನ ಪ್ರೀಮಿಯಂ ವರ್ಷಕ್ಕೆ 8,000 ರೂ., ಬೋನಸ್ ಶೇ 50 ಇದೆ ಅಂತಿಟ್ಟುಕೊಳ್ಳಿ. ಕ್ಲೇಮ್ ಮಾಡಿದರೆ ಆಗುವ ನಷ್ಟ:

- 1ನೇ ವರ್ಷ: 4,000 ರೂ.
- 2ನೇ ವರ್ಷ: 2,400 ರೂ.
- 3ನೇ ವರ್ಷ: 2,000 ರೂ.
- 4ನೇ ವರ್ಷ: 1,200 ರೂ.
- 5ನೇ ವರ್ಷ: 400 ರೂ.

ಒಟ್ಟು 10,000 ರೂ. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿದರೆ ಈ ಮೊತ್ತವೂ ಸ್ವಲ್ಪ ಕಡಿಮೆಯಾಗುತ್ತದೆ. ಆದರೂ 7,000 ರೂ. ಗ್ಲಾಸ್‌ಗೆ ಕ್ಲೇಮ್ ಮಾಡೋದು ನಷ್ಟದ ಬಾಬ್ತೇ. ಅದೇ 25,000 ರೂ. ಗ್ಲಾಸ್ ಆದರೆ ಕ್ಲೇಮ್ ಮಾಡೋದೇ ಸರಿ. ಬೋನಸ್ ಉಳಿಸುವ 'ಎನ್‌ಸಿಬಿ ಪ್ರೊಟೆಕ್ಟ್' ಆಡ್-ಆನ್ ನಿಮ್ಮ ಪಾಲಿಸಿಯಲ್ಲಿ ಇದೆಯಾ ಅಂತಲೂ ಮೊದಲೇ ನೋಡಿ.

ಕ್ಲೇಮ್ ಮಾಡೋದೇ ಆದರೆ ಗ್ಲಾಸ್ ಬಿಚ್ಚುವ ಮುಂಚೆಯೇ ಕಂಪನಿಗೆ ತಿಳಿಸಿ, ಫೋಟೋ-ವಿಡಿಯೋ ತೆಗೆದಿಡಿ. ಬಿಚ್ಚಿದ ಮೇಲೆ ಹೇಳಿದರೆ ತಕರಾರು ಬರುತ್ತದೆ. ದೂರು ಕೊಟ್ಟರೂ ಕಂಪನಿ ಸ್ಪಂದಿಸದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ 'ಬಿಮಾ ಭರೋಸಾ' ಸಹಾಯವಾಣಿ 155255ಕ್ಕೆ ಕರೆ ಮಾಡಬಹುದು.

ಕೈಯಿಂದ ಹಾಕಿಸೋರು ಗಮನಿಸಿ

ಕಂಪನಿ ಸರ್ವಿಸ್ ಸೆಂಟರ್, ಊರಿನ ಕಾರ್ ಗ್ಲಾಸ್ ಅಂಗಡಿ, ಬೆಂಗಳೂರಿಗೆ ಹೋಗಿಬರುವವರಾದರೆ ಜೆ.ಸಿ. ರಸ್ತೆಯ ಅಂಗಡಿಗಳು, ಹೀಗೆ ಮೂರು ಕಡೆ ರೇಟು ಕೇಳಿ. ಗ್ಲಾಸ್, ಬೀಡಿಂಗ್, ಅಂಟು, ಕೂಲಿ, ಜಿಎಸ್‌ಟಿ ಎಲ್ಲಾ ಸೇರಿಸಿ ಎಷ್ಟು ಅಂತ ಬರೆಸಿಕೊಳ್ಳಿ. ಬರೀ ಗ್ಲಾಸ್ ರೇಟು ಹೇಳಿ ಆಮೇಲೆ ಏರಿಸುವುದುಂಟು.

ಕಾರು ಕಂಪನಿಗಳಿಗೆ ಗ್ಲಾಸ್ ಮಾಡಿಕೊಡುವ ಎಐಎಸ್, ಸೇಂಟ್ ಗೋಬೈನ್ ಸೆಕ್ಯುರಿಟ್‌ನಂಥ ಕಂಪನಿಗಳ ಗ್ಲಾಸ್ ಹೊರಗಿನ ಮಾರುಕಟ್ಟೆಯಲ್ಲೂ ಸಿಗುತ್ತದೆ. ಮೂಲೆಯಲ್ಲಿ ಐಎಸ್‌ಐ ಗುರುತು ಇರಲೇಬೇಕು. ಗ್ಲಾಸ್ ಹಿಂದೆ ಕ್ಯಾಮೆರಾ ಇರುವ ಹೊಸ ಕಾರುಗಳಲ್ಲಿ ಅದನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಆ ಸೌಲಭ್ಯ ಇಲ್ಲದ ಕಡೆ ಹಾಕಿಸಬೇಡಿ.

ಹಾಕಿಸಿದ ಮೇಲೆ

- ಅಂಟು ಒಣಗಲು ಬೇಕಾದ ಸಮಯವನ್ನು ಫಿಟ್ಟರ್ ಹತ್ತಿರ ಕೇಳಿ, ಅಲ್ಲಿಯವರೆಗೆ ಗಾಡಿ ತೆಗೆಯಬೇಡಿ.
- ಮೊದಲ ದಿನ ಕಿಟಕಿ ಸ್ವಲ್ಪ ಇಳಿಸಿಡಿ, ಡೋರ್ ಜೋರಾಗಿ ಹಾಕಬೇಡಿ. ಎರಡು ದಿನ ವಾಟರ್ ವಾಶ್ ಬೇಡ.
- ಹಳೆ ಗ್ಲಾಸ್ ಜೊತೆ ಫಾಸ್ಟ್ಯಾಗ್ ಕೂಡ ಹೋಗುತ್ತದೆ. ಟೋಲ್ ಕಡೆ ಹೋಗುವ ಮುಂಚೆ ಅದನ್ನು ಕೊಟ್ಟ ಬ್ಯಾಂಕಿನಿಂದಲೇ ಬದಲಿ ಟ್ಯಾಗ್ ಪಡೆಯಿರಿ. ಎಚ್‌ಎಸ್‌ಆರ್‌ಪಿ ಸ್ಟಿಕ್ಕರ್ ಇದ್ದಿದ್ದರೆ ಅದನ್ನೂ ಹೊಸದಾಗಿ ಮಾಡಿಸಬೇಕು.
- ಜಿಎಸ್‌ಟಿ ಬಿಲ್, ವಾರಂಟಿ ಪಡೆಯಿರಿ. ಮೊದಲ ಮಳೆಗೇ ನೀರು ಸೋರಿದರೆ ಕೇಳೋಕೆ ಕೈಯಲ್ಲಿ ಬಿಲ್ ಇರಬೇಕು.