ಪ್ರಾಣಿಕೊಬ್ಬಿನ ಬಯೋಡೀಸೆಲ್: ದಾಸ್ತಾನಿನಲ್ಲಿ ಬಾಳಿಕೆಯ ಪ್ರಶ್ನೆ

ಬ್ರೆಜಿಲ್‌ನಲ್ಲಿ 2008ರಿಂದ ಡೀಸೆಲ್‌ಗೆ ಬಯೋಡೀಸೆಲ್ ಬೆರೆಸುವುದು ಕಡ್ಡಾಯ. ಅಲ್ಲಿ ಬಯೋಡೀಸೆಲ್‌ನ ಕಚ್ಚಾವಸ್ತುಗಳಲ್ಲಿ ಸೋಯಾ ಎಣ್ಣೆ ಮೊದಲನೆಯದಾದರೆ, ದನದ ಕೊಬ್ಬು ಬಹುಕಾಲ ಎರಡನೆಯ ಸ್ಥಾನದಲ್ಲಿತ್ತು. ಈ ಕೊಬ್ಬಿನಿಂದ ತಯಾರಾದ ಇಂಧನ ತಿಂಗಳುಗಟ್ಟಲೆ ಇಟ್ಟರೂ ಕೆಡದು ಎಂಬ ನಂಬಿಕೆ ತಯಾರಕರಲ್ಲಿದೆ. ಅದಕ್ಕೆ ರಸಾಯನಶಾಸ್ತ್ರದ ಆಧಾರವೂ ಇದೆ. ಆದರೆ ಆ ಆಧಾರ ಟ್ಯಾಂಕಿನೊಳಗೆ ನಡೆಯುವುದರ ಒಂದು ಭಾಗವನ್ನಷ್ಟೇ ವಿವರಿಸುತ್ತದೆ ಎಂಬುದು ಈ ಲೇಖನದ ವಾದ.

ಬಯೋಡೀಸೆಲ್ ಎಂದರೆ ಕೊಬ್ಬಿನಾಮ್ಲಗಳ ಮೀಥೈಲ್ ಎಸ್ಟರ್‌ಗಳ ಮಿಶ್ರಣ. ಗಾಳಿಯ ಆಮ್ಲಜನಕ ಇವುಗಳ ದ್ವಿಬಂಧಗಳ ಪಕ್ಕದ ಇಂಗಾಲದ ಮೇಲೆ ದಾಳಿ ಮಾಡುತ್ತದೆ. ಒಂದು ದ್ವಿಬಂಧವಿರುವ ಓಲಿಯೇಟ್ ಆಮ್ಲಜನಕವನ್ನು ಹೀರುವ ವೇಗವನ್ನು 1 ಎಂದುಕೊಂಡರೆ, ಎರಡಿರುವ ಲಿನೋಲಿಯೇಟ್‌ನದು ಸುಮಾರು 40, ಮೂರಿರುವ ಲಿನೋಲಿನೇಟ್‌ನದು ಸುಮಾರು 100. ಸೋಯಾ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲವೇ ಅರ್ಧಕ್ಕಿಂತ ಹೆಚ್ಚು. ದನದ ಕೊಬ್ಬಿನಲ್ಲಿ ಅದು ಶೇ. 3-4ರ ಆಸುಪಾಸು. ಉಳಿದದ್ದರಲ್ಲಿ ಪರ್ಯಾಪ್ತವಾದ ಪಾಮಿಟಿಕ್, ಸ್ಟಿಯರಿಕ್ ಆಮ್ಲಗಳದೇ ದೊಡ್ಡ ಪಾಲು. ಅವುಗಳಲ್ಲಿ ದ್ವಿಬಂಧವೇ ಇಲ್ಲ. ಇಷ್ಟನ್ನೇ ನೋಡಿದರೆ ದನದ ಕೊಬ್ಬು ಸೋಯಾವನ್ನು ಬಹು ದೂರ ಹಿಂದಿಕ್ಕಬೇಕು.

ಹಾಗಾಗುವುದಿಲ್ಲ. ಸಸ್ಯದ ಎಣ್ಣೆಗಳಲ್ಲಿ ಟೊಕೊಫೆರಾಲ್‌ಗಳೆಂಬ ಸಹಜ ಉತ್ಕರ್ಷಣ ನಿರೋಧಕಗಳಿರುತ್ತವೆ, ಪ್ರಾಣಿಕೊಬ್ಬಿನಲ್ಲಿ ಅವು ಅತ್ಯಲ್ಪ. ಗಂಧಕದ ಅಂಶವನ್ನೂ ಬಣ್ಣವನ್ನೂ ತೆಗೆಯಲು ಎಸ್ಟರನ್ನು ಬಟ್ಟಿ ಇಳಿಸಿದರೆ ಇದ್ದ ಚೂರೂ ಹೋಗುತ್ತದೆ. ಕಣ್ಣಿಗೆ ನೀರಿನಷ್ಟು ತಿಳಿಯಾಗಿ ಕಾಣುವ ಈ ದ್ರವಕ್ಕೆ ತನ್ನದೆಂಬ ರಕ್ಷಣೆಯೇ ಉಳಿದಿರುವುದಿಲ್ಲ.

ಬಾಳಿಕೆಯನ್ನು ಅಳೆಯುವ ರೂಢಿಯ ವಿಧಾನ ರ‍್ಯಾನ್ಸಿಮ್ಯಾಟ್ ಪರೀಕ್ಷೆ. ಯುರೋಪಿನ ಇಎನ್ 14112 ಮಾನಕದಂತೆ 3 ಗ್ರಾಂ ಮಾದರಿಯನ್ನು ಗಾಜಿನ ಕೊಳವೆಗೆ ಹಾಕಿ, 110 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅದರೊಳಗೆ ಗಂಟೆಗೆ 10 ಲೀಟರ್ ಗಾಳಿ ಹಾಯಿಸುತ್ತಾರೆ. ಹೊರಬಂದ ಗಾಳಿ ಶುದ್ಧ ನೀರಿರುವ ಪಾತ್ರೆಗೆ ಇಳಿಯುತ್ತದೆ. ಗಂಟೆಗಟ್ಟಲೆ ನೀರಿನ ವಿದ್ಯುದ್ವಾಹಕತೆಯ ರೇಖೆ ನೆಲಕ್ಕೆ ಅಂಟಿಕೊಂಡೇ ಸಾಗಿ, ನಂತರ ತಟ್ಟನೆ ಮೇಲೇರುತ್ತದೆ. ಪೆರಾಕ್ಸೈಡ್‌ಗಳು ಒಡೆದು ಫಾರ್ಮಿಕ್ ಆಮ್ಲದಂಥ ಆವಿಯಾಗುವ ಆಮ್ಲಗಳು ಹೊರಬೀಳತೊಡಗಿದ ಗಳಿಗೆ ಅದು. ಅಷ್ಟು ಹೊತ್ತು ಮಾದರಿ ತಡೆದುಕೊಂಡ ಅವಧಿಯೇ ಅದರ ಬಾಳಿಕೆಯ ಅಂಕ. ಯುರೋಪಿನಲ್ಲಿ ಮೊದಲು 6 ಗಂಟೆಯಿದ್ದ ಕನಿಷ್ಠ ಮಿತಿ ಈಗ 8 ಗಂಟೆ; ಅಮೆರಿಕದಲ್ಲಿ 3. ಬ್ರೆಜಿಲ್ 2019ರಲ್ಲಿ ಅದನ್ನು 8ರಿಂದ 12ಕ್ಕೆ ಏರಿಸಿತು.

ಈ ಪರೀಕ್ಷೆ ಉಪಯುಕ್ತ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ದನದ ಕೊಬ್ಬಿನ ಎಸ್ಟರ್‌ಗೆ ದಾಸ್ತಾನಿನಲ್ಲಿ ಎದುರಾಗುವ ಮುಖ್ಯ ತೊಡಕು 110 ಡಿಗ್ರಿಯಲ್ಲಿ ಕಾಣಿಸಿಕೊಳ್ಳುವಂಥದ್ದೇ ಅಲ್ಲ. ಮೀಥೈಲ್ ಸ್ಟಿಯರೇಟ್ ಕರಗುವುದು 38 ಡಿಗ್ರಿಯ ಹತ್ತಿರ, ಮೀಥೈಲ್ ಪಾಮಿಟೇಟ್ 30ರ ಹತ್ತಿರ. ಹೀಗಾಗಿ ಈ ಇಂಧನ ಸುಮಾರು 12ರಿಂದ 17 ಡಿಗ್ರಿಯಲ್ಲೇ ಮಬ್ಬಾಗತೊಡಗುತ್ತದೆ. ಸೋಯಾದ್ದು ಸೊನ್ನೆಯ ಆಸುಪಾಸಿನವರೆಗೂ ತಿಳಿಯಾಗಿರುತ್ತದೆ. ಚಳಿಗಾಲದ ಬೆಳಗ್ಗೆ ತುಪ್ಪ ಹರಳುಗಟ್ಟುವಂತೆ ಇಲ್ಲೂ ಬಿಳಿ ಹರಳುಗಳು ಮೂಡಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ಮೇಲಿನ ಪದರದಿಂದ ತೆಗೆದ ಮಾದರಿ ಪರೀಕ್ಷೆಯಲ್ಲಿ ಪಾಸಾದರೂ, ತಳದಿಂದ ಹೊರಟ ಇಂಧನ ಫಿಲ್ಟರ್ ಕಟ್ಟಿಸುತ್ತದೆ. ಇನ್ನೂ ಕಷ್ಟದ್ದು ಪರ್ಯಾಪ್ತ ಮೊನೊಗ್ಲಿಸರೈಡ್‌ಗಳ ವಿಚಾರ. ಕ್ರಿಯೆ ಪೂರ್ಣಗೊಳ್ಳದೆ ಉಳಿದ ಇವು ಮಬ್ಬಾಗುವ ಉಷ್ಣತೆಗಿಂತ ಮೇಲೆಯೇ ನಿಧಾನವಾಗಿ ಹರಳಾಗಬಲ್ಲವು. ಒಮ್ಮೆ ಗಟ್ಟಿಯಾದ ರೂಪಕ್ಕೆ ಬಂದರೆ ಇಂಧನ ಮೊದಲಿನ ಉಷ್ಣತೆಗೆ ಮರಳಿದರೂ ಕರಗುವುದಿಲ್ಲ, ಅದನ್ನು ಮತ್ತಷ್ಟು ಕಾಯಿಸಬೇಕು.

ಕಾಯಿಸಿದರೆ ಏನಾಗುತ್ತದೆ? ಹರಳು ಕರಗುತ್ತದೆ, ಅದರ ಜೊತೆಗೇ ಉತ್ಕರ್ಷಣದ ವೇಗ ಏರುತ್ತದೆ. ದ್ವಿಬಂಧ ಕಡಿಮೆಯಿರುವುದರಿಂದ ದೊರೆತ ಲಾಭವನ್ನು, ಆ ಕಾರಣಕ್ಕೇ ಬೇಕಾದ ಬಿಸಿ ತಿಂದುಹಾಕುತ್ತದೆ. ಹೆಚ್ಚು ಕಾಲದ ದಾಸ್ತಾನನ್ನು ಅಂದಾಜಿಸಲು ಬಳಸುವ ಅಮೆರಿಕದ ಡಿ4625 ಪರೀಕ್ಷೆಯೂ ಈ ಬಿಕ್ಕಟ್ಟನ್ನು ಹಿಡಿಯುವುದಿಲ್ಲ. ಅದರಲ್ಲಿ ಮಾದರಿಯನ್ನು ವಾರಗಟ್ಟಲೆ 43 ಡಿಗ್ರಿಯಲ್ಲಿಡುತ್ತಾರೆ. ಆ ಬಿಸಿಯಲ್ಲಿ ಈ ಎಸ್ಟರ್‌ಗಳೆಲ್ಲ ಕರಗಿಯೇ ಇರುತ್ತವೆ. ನಿಜವಾದ ಟ್ಯಾಂಕು ರಾತ್ರಿ ತಣಿದು ಹಗಲು ಬಿಸಿಯಾಗುತ್ತದೆ, ತಣಿದಾಗಲೆಲ್ಲ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಬಯೋಡೀಸೆಲ್ ತನ್ನಲ್ಲಿ ಕರಗಿಸಿಕೊಳ್ಳುವ ನೀರು ಪೆಟ್ರೋಲಿಯಂ ಡೀಸೆಲ್‌ಗಿಂತ ಹತ್ತಾರು ಪಟ್ಟು ಹೆಚ್ಚು. ಈ ನೀರಿನಿಂದ ಎಸ್ಟರ್ ಒಡೆದು ಆಮ್ಲ ಸಂಖ್ಯೆ ಏರುತ್ತದೆ, ತಳದ ನೀರಿನ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ತಾಮ್ರ, ಹಿತ್ತಾಳೆಯ ಕೊಳಾಯಿ ಜೋಡಣೆಗಳಿದ್ದರೆ ಉತ್ಕರ್ಷಣಕ್ಕೆ ಮತ್ತಷ್ಟು ಚಾಲನೆ. ಆದ್ದರಿಂದ ಹಗಲು ರಾತ್ರಿಯ ಏರಿಳಿತದಲ್ಲಿಟ್ಟ ಟ್ಯಾಂಕಿನ ಮೇಲಿನಿಂದಲೂ ತಳದಿಂದಲೂ ಬೇರೆ ಬೇರೆಯಾಗಿ ಮಾದರಿ ತೆಗೆದು, ಆಮ್ಲ ಸಂಖ್ಯೆಯನ್ನೂ ಫಿಲ್ಟರ್ ಹಾಯುವ ಗುಣವನ್ನೂ ರ‍್ಯಾನ್ಸಿಮ್ಯಾಟ್ ಅಂಕದ ಪಕ್ಕದಲ್ಲೇ ವರದಿ ಮಾಡಬೇಕೆಂಬುದು ನನ್ನ ಒತ್ತಾಯ.

ಪ್ರಾಣಿಕೊಬ್ಬು ಎಂದು ಒಂದೇ ಹೆಸರಿನಿಂದ ಕರೆಯುವುದೂ ದಾರಿ ತಪ್ಪಿಸುತ್ತದೆ. ನಮ್ಮ ಗಡಿಗೆ ಹೊಂದಿದ ವಯನಾಡಿನ ಪೂಕೋಡು ಪಶುವೈದ್ಯ ಕಾಲೇಜಿನ ಜಾನ್ ಅಬ್ರಹಾಂ ಕೋಳಿ ತ್ಯಾಜ್ಯದಿಂದ ಬಯೋಡೀಸೆಲ್ ತಯಾರಿಸುವ ವಿಧಾನಕ್ಕೆ 2021ರಲ್ಲಿ ಪೇಟೆಂಟ್ ಪಡೆದರು. ಕೋಳಿ ಕೊಬ್ಬಿನಲ್ಲಿ ಲಿನೋಲಿಯಿಕ್ ಆಮ್ಲ ಸುಮಾರು ಐದನೇ ಒಂದು ಪಾಲು. ದನದ ಕೊಬ್ಬಿಗಿಂತ ಅದು ಚಳಿಯನ್ನು ಚೆನ್ನಾಗಿ ತಾಳುತ್ತದೆ, ಗಾಳಿಗೆ ಬೇಗ ಸೋಲುತ್ತದೆ. ಒಂದಕ್ಕೆ ಹೊಂದುವ ದಾಸ್ತಾನು ಕ್ರಮ ಇನ್ನೊಂದಕ್ಕೆ ಹೊಂದದು.

ಅದೇ ಕೊಬ್ಬನ್ನು ಜಲಜನಕದೊಂದಿಗೆ ಸಂಸ್ಕರಿಸಿ ಹೈಡ್ರೋಕಾರ್ಬನ್ ಡೀಸೆಲ್ ಮಾಡಿದರೆ ದ್ವಿಬಂಧವೂ ಎಸ್ಟರ್ ಕೊಂಡಿಯೂ ಉಳಿಯುವುದಿಲ್ಲ. ಅಮೆರಿಕದ ಲೂಯಿಸಿಯಾನಾದ ಕಾರ್ಖಾನೆಗಳು ಹಿಡಿದಿರುವುದು ಆ ದಾರಿ. ಆದರೆ ಅದಕ್ಕೆ ಅಧಿಕ ಒತ್ತಡದ ಜಲಜನಕ, ಭಾರಿ ಬಂಡವಾಳ ಬೇಕು. ಸಣ್ಣ ಘಟಕಗಳ ಕೈಗೆಟುಕುವುದು ಎಸ್ಟರ್ ಮಾರ್ಗವೇ. ಅವರು ಟಿಬಿಎಚ್‌ಕ್ಯೂ, ಪೈರೊಗ್ಯಾಲಾಲ್‌ನಂಥ ನಿರೋಧಕಗಳನ್ನು ಮಾರಾಟಕ್ಕೆ ಮುನ್ನವಲ್ಲ, ಬಟ್ಟಿಯಿಂದ ಇಳಿದ ಕೂಡಲೇ ಬೆರೆಸಬೇಕು. ಇವು ಉತ್ಕರ್ಷಣದ ಸರಪಳಿಯನ್ನು ತಡೆಯಬಲ್ಲವೇ ಹೊರತು, ಕಮಟು ವಾಸನೆ ಹಿಡಿದ ಎಸ್ಟರನ್ನು ಮೊದಲಿನಂತೆ ಮಾಡಲಾರವು.